ಅಂಕವೋ, ಮಟ್ಟವೋ? ಫ್ರೆಂಚ್ ಕಲಿಕೆಯ ಅಳತೆಗೋಲಿನ ಕಥೆ

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಫ್ರಾನ್ಸಿನಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕಲು ಹೊರಟಿದ್ದ. ಪಿಯುಸಿಯಲ್ಲಿ ಅವನಿಗೆ ಫ್ರೆಂಚ್ ಭಾಷೆಯಲ್ಲಿ 96 ಅಂಕ ಬಂದಿತ್ತು. ಫ್ರೆಂಚಿನಲ್ಲೇ ಪಾಠ ನಡೆಯುವ ಆ ಕೋರ್ಸಿಗೆ 'ಬಿ2' ಮಟ್ಟದ ಪ್ರಮಾಣಪತ್ರ ಬೇಕಾಗಿತ್ತು. ಭಾಷಾ ತರಗತಿಯೊಂದರಲ್ಲಿ ಪರೀಕ್ಷಿಸಿ ನೋಡಿದರೆ ಅವನಿದ್ದದ್ದು 'ಎ2'ರಲ್ಲಿ. "ಸರ್, ಹಾಗಾದರೆ ಆ 96 ಎಲ್ಲಿ ಹೋಯಿತು?" ಎಂದು ಕೇಳಿದ.

ಅಂಕ ಎಲ್ಲೂ ಹೋಗಿರಲಿಲ್ಲ. ಪಠ್ಯದಲ್ಲಿ ಎಷ್ಟು ಭಾಗ ಬಂತು ಎಂಬುದನ್ನು ಅದು ಹೇಳುತ್ತಿತ್ತು. ಆ ಭಾಷೆಯಿಂದ ಏನು ಮಾಡಬಲ್ಲೆ ಎಂಬುದು ಬೇರೆಯೇ ಪ್ರಶ್ನೆ.

ಈ ಎರಡನೆಯ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿಕೊಂಡದ್ದು ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪ್ ಮಂಡಳಿ (ಇದು ಯುರೋಪಿಯನ್ ಒಕ್ಕೂಟವಲ್ಲ). ದಿನನಿತ್ಯದ ವ್ಯವಹಾರವನ್ನು ಸ್ವತಂತ್ರವಾಗಿ ನಡೆಸಲು ಬೇಕಾದ ಭಾಷೆ ಎಷ್ಟು ಎಂದು ವಿವರಿಸುವ 'ಹೊಸ್ತಿಲ ಮಟ್ಟ' ಇಂಗ್ಲಿಷಿಗೆ 1975ರಲ್ಲಿ, ಫ್ರೆಂಚಿಗೆ 1976ರಲ್ಲಿ ಪ್ರಕಟವಾಯಿತು. 1991ರಲ್ಲಿ ಸ್ವಿಟ್ಜರ್ಲೆಂಡಿನ ರುಶ್ಲಿಕೋನ್‌ನಲ್ಲಿ ನಡೆದ ಸಮ್ಮೇಳನವು ಎಲ್ಲ ಭಾಷೆಗಳಿಗೂ ಒಂದೇ ಚೌಕಟ್ಟು ಬೇಕೆಂದಿತು. ಎ1ರಿಂದ ಸಿ2ರವರೆಗೆ ಆರು ಮಟ್ಟಗಳ ಆ ಚೌಕಟ್ಟು ಹೊರಬಂದದ್ದು 2001ರಲ್ಲಿ. ಹಳೆಯ ಹೊಸ್ತಿಲು ಅದರಲ್ಲಿ ಬಿ1 ಆಯಿತು.

ಈ ನಡುವಿನ ಕೆಲಸ ಭೌತವಿಜ್ಞಾನದವರಿಗೆ ಸ್ವಾರಸ್ಯಕರ. "ರೈಲ್ವೆ ಪ್ರಕಟಣೆ ಅರ್ಥವಾಗುತ್ತದೆ", "ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬಲ್ಲ" ಎಂಬಂಥ ಹೇಳಿಕೆಗಳಲ್ಲಿ ಯಾವುದು ಎಷ್ಟು ಕಠಿಣ ಎಂದು ಅಳೆಯುವುದು ಹೇಗೆ? ಸ್ವಿಸ್ ಯೋಜನೆಯೊಂದರಲ್ಲಿ ಸುಮಾರು 300 ಶಿಕ್ಷಕರು ಸುಮಾರು 2,800 ಕಲಿಯುವವರನ್ನು ಇಂಥ ಹೇಳಿಕೆಗಳ ಆಧಾರದ ಮೇಲೆ ಅಂದಾಜಿಸಿದರು. ಮೊದಲು ಇಂಗ್ಲಿಷಿಗೆ, 1995ರಲ್ಲಿ ಫ್ರೆಂಚ್ ಮತ್ತು ಜರ್ಮನ್‌ಗಳಿಗೂ. ಲೆಕ್ಕಕ್ಕೆ ಬಳಸಿದ್ದು ಡೆನ್ಮಾರ್ಕಿನ ಗಣಿತಜ್ಞ ಗೆಯೊರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ಮಾದರಿ. ಅದು ವ್ಯಕ್ತಿಯ ಸಾಮರ್ಥ್ಯವನ್ನೂ ಕೆಲಸದ ಕಠಿಣತೆಯನ್ನೂ ಒಂದೇ ರೇಖೆಯ ಮೇಲೆ ಇಡುತ್ತದೆ. ಎರಡೂ ಸಮವಾದರೆ ಯಶಸ್ಸಿನ ಸಂಭಾವ್ಯತೆ ಶೇ. 50. ಸಾಮರ್ಥ್ಯ ಒಂದು 'ಲಾಗಿಟ್' ಮೇಲಿದ್ದರೆ ಶೇ. 73, ಎರಡು ಮೇಲಿದ್ದರೆ ಶೇ. 88. ಹೀಗೆ ಹೇಳಿಕೆಗಳು ಕಠಿಣತೆಯ ಕ್ರಮದಲ್ಲಿ ಸಾಲಾಗಿ ನಿಂತವು.

ಆದರೆ ಒಂದು ಮಾತು. ಉಷ್ಣತಾಮಾಪಕಕ್ಕೆ ಮಂಜುಗಡ್ಡೆ ಕರಗುವ ಬಿಂದುವಿದೆ. ಈ ಮಾಪಕಕ್ಕೆ ಅಂಥ ಸ್ಥಿರಬಿಂದುವಿಲ್ಲ. ಅದರ ಬುಡದಲ್ಲಿರುವುದು ಶಿಕ್ಷಕರ ತೀರ್ಮಾನ. ಎ2 ಮುಗಿದು ಬಿ1 ಎಲ್ಲಿ ಶುರುವಾಗಬೇಕೆಂದು ಗೆರೆ ಎಳೆದವರೂ ಮನುಷ್ಯರೇ. ಇದನ್ನು ದೋಷ ಎನ್ನಲಾರೆ, ಆದರೆ ದಶಮಾಂಶದ ನಿಖರತೆಯನ್ನು ಇಲ್ಲಿ ಕೇಳಬಾರದು.

ಶಾಲಾ ಪರೀಕ್ಷೆಯನ್ನು ಈ ಮಾಪಕದ ಪಕ್ಕದಲ್ಲಿಟ್ಟು ನೋಡಿದ ಒಳ್ಳೆಯ ಉದಾಹರಣೆ ಇಂಗ್ಲೆಂಡಿನದು. ಅಲ್ಲಿ 16ರ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಫ್ರೆಂಚಿಗೆ 9ರಿಂದ 1ರ ಗ್ರೇಡುಗಳು ಬಂದದ್ದು 2018ರಲ್ಲಿ. ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ 2019ರಲ್ಲಿ ತಜ್ಞರಿಂದ ಪ್ರಶ್ನೆಪತ್ರಿಕೆ, ಉತ್ತರಗಳನ್ನು ಯುರೋಪಿನ ವಿವರಣೆಗಳೊಂದಿಗೆ ಹೋಲಿಸಿ ನೋಡಿತು. ಸ್ಥೂಲವಾಗಿ ಹೇಳುವುದಾದರೆ, 4ನೇ ಗ್ರೇಡ್ ಎ1 ಮತ್ತು ಎ2ರ ಗಡಿಯ ಆಸುಪಾಸಿನಲ್ಲಿತ್ತು. ಅತ್ಯುನ್ನತವಾದ 9 ಕೂಡ ಬಿ1ರ ಬಾಗಿಲಿನ ಬಳಿಯೇ. ಓದು, ಬರಹ, ಕೇಳುವಿಕೆ, ಮಾತು ಇವುಗಳಿಗೆ ಬೇರೆ ಬೇರೆ ಸ್ಥಾನ ಬಂದುದರಿಂದ ಒಂದೇ ಸಮೀಕರಣ ಬರೆಯುವುದು ಸಾಧ್ಯವಿರಲಿಲ್ಲ. ಫ್ರೆಂಚ್ ಮತ್ತು ಜರ್ಮನ್ ಗ್ರೇಡುಗಳು ಸ್ಪ್ಯಾನಿಷ್‌ಗಿಂತ ಬಿಗಿಯಾಗಿವೆ ಎಂದು ಅವನ್ನು ಸರಿಹೊಂದಿಸುವ ತೀರ್ಮಾನವೂ ಅದೇ ವರ್ಷ ಆಯಿತು. ಅಂದರೆ ಒಂದೇ ಪರೀಕ್ಷೆಯ 'ಏಳು' ಎರಡು ಭಾಷೆಗಳಲ್ಲಿ ಒಂದೇ ಆಗಿರಲಿಲ್ಲ!

ಫ್ರಾನ್ಸಿನ 'ಡೆಲ್ಫ್' ಪರೀಕ್ಷೆ 1985ರದು. 2005ರಲ್ಲಿ ಅದನ್ನು ಈ ಮಟ್ಟಗಳಿಗೆ ಹೊಂದಿಸಲಾಯಿತು. ನಾಲ್ಕು ಕೌಶಲಗಳಿಗೆ ತಲಾ 25 ಅಂಕ, ತೇರ್ಗಡೆಗೆ 50. ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರಕೂಡದು. ಶಾಲೆಯ ಒಟ್ಟು ಅಂಕದಲ್ಲಿ ಒಳ್ಳೆಯ ಬರವಣಿಗೆ ಕೇಳುವಿಕೆಯ ಕೊರತೆಯನ್ನು ಮುಚ್ಚಿಬಿಡಬಹುದು. ಇಲ್ಲಿ ಅದಕ್ಕೊಂದು ಮಿತಿಯುಂಟು.

ನನ್ನ ವಿದ್ಯಾರ್ಥಿಗೆ ಆ ವರ್ಷದ ಪ್ರವೇಶ ತಪ್ಪಿತು. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಬಿ2 ಮುಗಿಸಿಕೊಂಡ. ಆಗಲೂ ಅವನಿಗೆ ಅತಿ ಕಡಿಮೆ ಅಂಕ ಬಂದದ್ದು ಕೇಳುವಿಕೆಯಲ್ಲೇ.