ಹೆಸರಿಗೆ ಡಾಕ್ಟರ್, ಆಸ್ಪತ್ರೆಗೆ ಕಾರ್ಡ್ ಇಲ್ಲ: ಶಿಷ್ಯವೇತನದ ಹಿಂದಿನ ಕಥೆ

ಹೊಳಲ್ಕೆರೆ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಸಿಕ್ಕಿದ್ದರು. "ನೀನು ಪೇಪರ್‌ನೋನು, ನಿಂಗೆ ಗೊತ್ತಿರುತ್ತೆ. ಒಂದು ಮಾತು ಹೇಳಪ್ಪ" ಅಂತ ಶುರು ಮಾಡಿದರು.

ಅವರ ಮಗಳು ಪಿಎಚ್.ಡಿ ಮುಗಿಸಿ ಬೆಂಗಳೂರಿನಲ್ಲಿ ಪೋಸ್ಟ್ ಡಾಕ್ ಆಗಿ ಕೆಲಸ ಮಾಡುತ್ತಿದ್ದಾಳೆ. ಪೋಸ್ಟ್ ಡಾಕ್ ಅಂದರೆ ಡಾಕ್ಟರೇಟ್ ಪಡೆದ ಮೇಲೆ, ಕಾಯಂ ನೌಕರಿ ಸಿಗುವ ಮೊದಲು, ಎರಡು ಮೂರು ವರ್ಷದ ಫೆಲೋಶಿಪ್ ಮೇಲೆ ಮಾಡುವ ಸಂಶೋಧನೆ. ಊರಲ್ಲಿ ಎಲ್ಲರೂ ಅವಳನ್ನು 'ಡಾಕ್ಟ್ರಮ್ಮ' ಅಂತಲೇ ಕರೆಯುತ್ತಾರೆ. 2021ರಲ್ಲಿ ಆ ಡಾಕ್ಟ್ರಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಸಂಸ್ಥೆಯಲ್ಲಿ ಕೇಳಿದರೆ, "ನೀವು ನೌಕರರಲ್ಲ, ವಿಮೆ ಬರುವುದಿಲ್ಲ" ಎಂಬ ಉತ್ತರ ಬಂತು. ಮನೆಗೆ ಬಿಪಿಎಲ್ ಕಾರ್ಡ್ ಇರಲಿಲ್ಲ. ಅಪ್ಪ ಭೀಮಸಮುದ್ರದ ಮಂಡಿಯಲ್ಲಿ ಅಡಿಕೆ ಮೇಲೆ ಮುಂಗಡ ತಂದು ಬಿಲ್ ಕಟ್ಟಿದರು.

"ನಂಗೆ ಹರ್ನಿಯಾ ಆಪರೇಷನ್ ಯಶಸ್ವಿನಿ ಕಾರ್ಡಲ್ಲೇ ಆಗಿತ್ತು. ಏಳನೇ ಕ್ಲಾಸ್ ಓದಿದ ನಂಗೆ ಇದ್ದ ಕಾರ್ಡು, ಅಷ್ಟು ಓದಿದ ಮಗಳಿಗೆ ಯಾಕಿಲ್ಲ?"

ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ ಹೋದೆ. ಉತ್ತರ ಇರುವುದು ನೂರು ವರ್ಷದ ಹಿಂದಿನಿಂದ ಬಂದ ಒಂದು ಮಾತಿನಲ್ಲಿ. ಅದು 'ಶಿಷ್ಯವೇತನ'.

1907ರ ಎರಡು ಕೆಲಸ

ಹಿರಿಯೂರಿನವರಿಗೆ 1907 ಹೊಸ ಇಸವಿಯೇನಲ್ಲ. 1898ರಲ್ಲಿ ಶುರುವಾದ ಮಾರಿಕಣಿವೆ ಅಣೆಕಟ್ಟು, ಅಂದರೆ ನಮ್ಮ ವಾಣಿವಿಲಾಸ ಸಾಗರ, ಮುಗಿದದ್ದು ಆ ವರ್ಷ. ಅದೇ ವರ್ಷ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ 371 ಎಕರೆ ಜಮೀನನ್ನು ಒಂದು ಸಂಶೋಧನಾ ಸಂಸ್ಥೆಗೆ ಕೊಟ್ಟಿತು. ಜಮ್ಷೆಟ್‌ಜಿ ಟಾಟಾ ಕನಸು ಕಂಡಿದ್ದ ಆ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಅದೇ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ. ನೂರು ವರ್ಷದ ನಂತರ ಅದೇ ಸಂಸ್ಥೆಗೆ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು ಕುದಾಪುರದಲ್ಲಿ ಸುಮಾರು 1500 ಎಕರೆ ಸಿಕ್ಕಿತು.

ಸಂಶೋಧನೆಗೆ ಜಮೀನು ಕೊಡುವುದರಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲ. ಆದರೆ ಆ ಜಮೀನಿನ ಮೇಲೆ ದುಡಿಯುವವರು ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಹಿಂದೆ ಉಳಿಯಿತು.

ಯಾರಿಗೆ ಯಾವಾಗ ಸಿಕ್ಕಿತು

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರ್ಮಿಕರ ಇಎಸ್ಐ ಕಾಯ್ದೆ ಬಂತು. 1952ರ ಫೆಬ್ರುವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. 1954ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್ಎಸ್ ಎಂಬ ಆರೋಗ್ಯ ಯೋಜನೆ ಬಂತು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಆಯಿತು.

ರೈತರ ಸರದಿ ಬಂದದ್ದು ಇನ್ನೂ ತಡವಾಗಿ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಜಾರಿಯಾಯಿತು. ಆಗ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಹೊಸದುರ್ಗದ ತೆಂಗು ಬೆಳೆಗಾರನೂ ಹಿರಿಯೂರಿನ ಶೇಂಗಾ ಬೆಳೆಗಾರನೂ ಸೊಸೈಟಿಯಲ್ಲಿ ಹಣ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳುವಂತಾಯಿತು. 2018ರಲ್ಲಿ ಅದು ನಿಂತು, ಆರೋಗ್ಯ ಕರ್ನಾಟಕ ಬಂತು. ಮತ್ತೆ 2022ರಲ್ಲಿ ಯಶಸ್ವಿನಿ ನೋಂದಣಿ ಶುರುವಾಯಿತು.

ಈ ಸಾಲಿನಲ್ಲಿ ಕಾರ್ಖಾನೆ ಕಾರ್ಮಿಕ ಇದ್ದಾನೆ, ಸರ್ಕಾರಿ ನೌಕರ ಇದ್ದಾನೆ, ರೈತ ಇದ್ದಾನೆ. ಪಿಎಚ್.ಡಿ ಮುಗಿಸಿದ ಸಂಶೋಧಕ ಮಾತ್ರ ಇಲ್ಲ.

ಶಿಷ್ಯ ಎಂದ ಮೇಲೆ

ಪಿಎಚ್.ಡಿ ನಂತರದ ಫೆಲೋಶಿಪ್ ಎಂಬ ಪದ್ಧತಿ ಅಮೆರಿಕದಲ್ಲಿ ಬೇರು ಬಿಟ್ಟದ್ದು 1919ರ ಹೊತ್ತಿಗೆ. ರಾಕ್‌ಫೆಲ್ಲರ್ ಫೌಂಡೇಶನ್ ಹಣದಿಂದ ಮೊದಲು ಭೌತಶಾಸ್ತ್ರ, ರಸಾಯನಶಾಸ್ತ್ರದ ಯುವಕರಿಗೆ ಫೆಲೋಶಿಪ್ ಕೊಟ್ಟರು. ನಮ್ಮಲ್ಲಿ 1942ರಲ್ಲಿ ಸಿಎಸ್ಐಆರ್, 1953ರಲ್ಲಿ ಯುಜಿಸಿ ಹುಟ್ಟಿದ ಮೇಲೆ ಇಂಥ ಫೆಲೋಶಿಪ್‌ಗಳು ಬೆಳೆದವು. ಹಣ ಕೊಡುವುದು ಒಂದು ಕಡೆ, ಕೆಲಸ ಮಾಡುವುದು ಇನ್ನೊಂದು ಕಡೆ. ಹಾಗಾಗಿ 'ಇವನು ನನ್ನ ನೌಕರ' ಅನ್ನುವ ಯಜಮಾನ ಎರಡೂ ಕಡೆ ಇಲ್ಲ.

ಕನ್ನಡದಲ್ಲಿ ಇದನ್ನು ಶಿಷ್ಯವೇತನ ಎಂದು ಕರೆದೆವು. ಸಂಬಳ ಅಂದರೆ ಅದರ ಹಿಂದೆ ರಜೆ, ಪಿಎಫ್, ಆಸ್ಪತ್ರೆ ಎಲ್ಲ ಬರುತ್ತದೆ. ಶಿಷ್ಯವೇತನ ಅಂದರೆ ಕಲಿಯುವವನಿಗೆ ಕೊಡುವ ನೆರವು, ಅಷ್ಟೇ. ಮೂವತ್ತೈದು ದಾಟಿದರೂ, ಮದುವೆಯಾಗಿ ಮಗುವಾದರೂ ಶಿಷ್ಯ.

ಆದರೆ ನಮ್ಮ ಕಡೆ ಶಿಷ್ಯ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಸಿರಿಗೆರೆಯಂಥ ಮಠಗಳ ಹಾಸ್ಟೆಲ್‌ಗಳಲ್ಲಿ ಓದಿ ಮೇಲೆ ಬಂದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಹುಡುಗನನ್ನು ಇಟ್ಟುಕೊಂಡ ಮೇಲೆ ಅವನ ಊಟ, ಆಸರೆ, ಜ್ವರ ಬಂದರೆ ಔಷಧಿ ಎಲ್ಲ ಇಟ್ಟುಕೊಂಡವರ ಹೊಣೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ನೌಕರ ಅಂದರೆ ನೌಕರನ ಹಕ್ಕು ಕೊಡಬೇಕು, ಶಿಷ್ಯ ಅಂದರೆ ಶಿಷ್ಯನ ಹಾಗೆ ನೋಡಿಕೊಳ್ಳಬೇಕು. ಎರಡೂ ಇಲ್ಲದಿದ್ದರೆ ಹೊರೆ ಬೀಳುವುದು ಊರಲ್ಲಿರುವ ಅಪ್ಪ ಅವ್ವನ ಮೇಲೆ.

ಮೊತ್ತ ಏರಿತು, ಆಸ್ಪತ್ರೆ?

ಕೇಂದ್ರದ ಯೋಜನೆಗಳಲ್ಲಿ ದುಡಿಯುವ ರಿಸರ್ಚ್ ಅಸೋಸಿಯೇಟ್‌ಗಳ ಮೊದಲ ಹಂತದ ಫೆಲೋಶಿಪ್ 2014ರಲ್ಲಿ 36,000 ರೂಪಾಯಿ ಇತ್ತು. ದೇಶದ ಹಲವು ಕಡೆ ಯುವ ಸಂಶೋಧಕರು ಬೀದಿಗಿಳಿದ ಮೇಲೆ 2019ರಲ್ಲಿ 47,000 ಆಯಿತು. 2023ರಲ್ಲಿ 58,000 ಆಯಿತು.

ಆಸ್ಪತ್ರೆ ವಿಷಯದಲ್ಲಿ 2019ರ ಕೇಂದ್ರದ ಆದೇಶ ಹೇಳುವುದು ಇಷ್ಟೇ: ಯಾವ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೋ ಅಲ್ಲಿ ಜಾರಿಯಲ್ಲಿರುವಂತೆ ವೈದ್ಯಕೀಯ ಸೌಲಭ್ಯ. ಅಂದರೆ ಆವರಣದಲ್ಲೇ ಆರೋಗ್ಯ ಕೇಂದ್ರ ಇರುವ ದೊಡ್ಡ ಸಂಸ್ಥೆಗೆ ಹೋದವರು ಬಚಾವ್. ಅದಿಲ್ಲದ ಕಡೆ ಹೋದವರದು ಅವರವರ ಹಣೆಬರಹ.

ಹೆರಿಗೆ ರಜೆ ಮಾತ್ರ ಎಲ್ಲ ದರ್ಜೆಯ ಫೆಲೋಗಳಿಗೂ ಇದೆ ಎಂದು ಅದೇ ಆದೇಶ ಹೇಳುತ್ತದೆ. ಪಿಎಚ್.ಡಿ ಓದುತ್ತಿರುವ ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನದವರೆಗೆ ರಜೆ ಕೊಡಬಹುದೆಂದು ಯುಜಿಸಿ 2016ರ ನಿಯಮದಲ್ಲಿ ಬರೆದಿದೆ. ಬರೆದದ್ದು ಇದೆ. ಕೇಳದಿದ್ದರೆ ಯಾರೂ ಮನೆಗೆ ಬಂದು ಹೇಳುವುದಿಲ್ಲ.

ಕೇಳಿ ಪಡೆದವರು

ಅಮೆರಿಕದಲ್ಲೂ ಇದೇ ಗೊಂದಲ ಇತ್ತು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೋಸ್ಟ್ ಡಾಕ್‌ಗಳ ಸಂಘಕ್ಕೆ 2008ರಲ್ಲಿ ಮಾನ್ಯತೆ ಸಿಕ್ಕಿತು. 2010ರಲ್ಲಿ ಮೊದಲ ಒಪ್ಪಂದ ಆಯಿತು. ಸಂಬಳ, ರಜೆ, ಆರೋಗ್ಯ ವಿಮೆ ಎಲ್ಲ ಒಪ್ಪಂದದ ಕಾಗದಕ್ಕೆ ಬಂತು. ಕೆಲಸದ ರೀತಿ ಬದಲಾಗಲಿಲ್ಲ. ಇವರೂ ದುಡಿಯುವವರು ಎಂದು ಒಪ್ಪಿಕೊಂಡರು, ಅಷ್ಟೇ.

ಮನಸ್ಸಿನ ಆರೋಗ್ಯ

ಫೆಲೋಶಿಪ್ ಮುಂದುವರಿಯುತ್ತದೋ ಇಲ್ಲವೋ, ಕಾಯಂ ಕೆಲಸ ಸಿಗುತ್ತದೋ ಇಲ್ಲವೋ, ಮನೆಯಲ್ಲಿ ಮದುವೆ ಮಾತು. ಇಷ್ಟು ಸಾಕು, ನಿದ್ದೆ ಕೆಡಲು. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಯೋಗ ನಡೆಸಿತು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಇದಕ್ಕೆ ನೌಕರನಾ, ಶಿಷ್ಯನಾ ಎಂಬ ಪ್ರಶ್ನೆ ಬರುವುದಿಲ್ಲ.

ಮನೆಯವರು ಕೇಳಬೇಕಾದ್ದು

ನಮ್ಮ ಜಿಲ್ಲೆ ಮೊದಲು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತ್ತು, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹತ್ತಿರದಲ್ಲೇ ವಿಶ್ವವಿದ್ಯಾಲಯ ಬಂದ ಮೇಲೆ ಮನೆಯಲ್ಲಿ ಮೊದಲ ಸಲ ಪಿಎಚ್.ಡಿ ಮಾಡುವ ಮಕ್ಕಳೂ ಹೆಚ್ಚುತ್ತಿದ್ದಾರೆ. ಅವರು ಮುಂದೆ ಫೆಲೋಶಿಪ್‌ಗೆ ಸೇರುವಾಗ ಮೊತ್ತ ಎಷ್ಟು ಅಂತ ಮಾತ್ರ ಕೇಳಬೇಡಿ. ವೈದ್ಯಕೀಯ ಸೌಲಭ್ಯ ಇದೆಯಾ? ಅಪ್ಪ ಅವ್ವ, ಗಂಡ ಹೆಂಡತಿ ಮಕ್ಕಳಿಗೂ ಬರುತ್ತಾ? ಆರೋಗ್ಯ ಸರಿಯಿಲ್ಲದಿದ್ದರೆ ಎಷ್ಟು ರಜೆ, ಆಗ ಫೆಲೋಶಿಪ್ ನಿಲ್ಲುತ್ತಾ? ಈ ಮೂರಕ್ಕೂ ಬರಹದಲ್ಲಿ ಉತ್ತರ ಕೇಳಲಿ. ಇಲ್ಲ ಎಂದಾದರೆ ಮೊದಲ ತಿಂಗಳ ಹಣದಲ್ಲೇ ಒಂದು ವಿಮೆ ಮಾಡಿಸಲಿ. ಕುಟುಂಬ ಯಶಸ್ವಿನಿಯಲ್ಲಿದ್ದರೆ ಮಗಳ ಹೆಸರು ಅದರಲ್ಲಿ ಸೇರುತ್ತಾ ಅಂತ ಸೊಸೈಟಿಯಲ್ಲಿ ವಿಚಾರಿಸಿ.

ಮೊನ್ನೆ ಆ ಅಡಿಕೆ ಬೆಳೆಗಾರರು ಮತ್ತೆ ಸಿಕ್ಕಿದ್ದರು. ಮಗಳಿಗೆ ಬೇರೆ ಕಡೆ ಇನ್ನೊಂದು ಫೆಲೋಶಿಪ್ ಸಿಕ್ಕಿದೆಯಂತೆ. "ಈ ಸಲ ಅವಳೇ ಫೋನ್ ಮಾಡಿ ಆಸ್ಪತ್ರೆ ಖರ್ಚು ಯಾರದು ಅಂತ ಕೇಳಿದ್ಲು. ನೋಡಿ ಹೇಳ್ತೀವಿ ಅಂದ್ರಂತೆ" ಎಂದು ನಕ್ಕರು. ಮಂಡಿಯ ಸಾಲ ತೀರಿದ್ದು ಮಾತ್ರ ಹೋದ ವರ್ಷದ ಕೊಯ್ಲಿನಲ್ಲಿ.