ಹವ್ಯಾಸಿ ಆಕಾಶ ವೀಕ್ಷಣೆ, ಬೆಂಗಳೂರು

ಹವ್ಯಾಸಿ ಖಗೋಳಾಸಕ್ತರು ತಮ್ಮ ದೂರದರ್ಶಕಗಳನ್ನು ಮೈದಾನಕ್ಕೋ ತಾರಸಿಗೋ ತಂದು, ಬಂದವರಿಗೆಲ್ಲ ಆಕಾಶ ತೋರಿಸುವ ಪರಿಪಾಠ. ಅಮೆರಿಕದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಅವರ ಹೆಸರಿನ ಸರಳ ಡಾಬ್ಸೋನಿಯನ್ ದೂರದರ್ಶಕ ಇಂದು ಎಲ್ಲೆಡೆಯ ಹವ್ಯಾಸಿಗಳ ಅಚ್ಚುಮೆಚ್ಚು.

ಬೆಂಗಳೂರಿನಲ್ಲಿ ಈ ಆಸಕ್ತಿಗೆ ಗಟ್ಟಿ ನೆಲೆಯಿದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ, ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ತಂದರು. 1989ರಲ್ಲಿ ಜವಾಹರಲಾಲ್ ನೆಹರು ತಾರಾಲಯ ಬಂತು. ಬಿಟಿಎಂ ಬಡಾವಣೆಗೆ ಹತ್ತಿರದ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ.

ಜಯನಗರ, ಬನಶಂಕರಿಯ ಬೀದಿದೀಪಗಳ ಬೆಳಕಿನಲ್ಲಿ ಆಕಾಶಗಂಗೆ ಕಾಣುವುದಿಲ್ಲ. ಇದು ನಿಜವಾದ ನಷ್ಟ. ಆದರೆ ಚಂದ್ರ, ಗುರು, ಶನಿಗೆ ಈ ಬೆಳಕು ಅಡ್ಡಿಯಲ್ಲ. ಚಂದ್ರನನ್ನು ನೋಡಲು ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸು ಮೇಲು: ಬೆಳಕು-ಕತ್ತಲೆ ಸೇರುವ ಅಂಚಿನಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು ಆಳ ಗೋಚರಿಸುತ್ತದೆ. ಗುರುವಿನ ಪಕ್ಕ, 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ಚುಕ್ಕಿಗಳಂತೆ ಸಾಲುಗಟ್ಟಿರುತ್ತವೆ. ಭೂಮಿ ತಿರುಗುವುದರಿಂದ ಗ್ರಹ ನೋಡನೋಡುತ್ತಲೇ ಐಪೀಸಿನ ಅಂಚಿಗೆ ಜಾರುತ್ತದೆ. ಸರದಿಯಲ್ಲಿ ಮುಂದಿನ ಮಗು ಕಣ್ಣಿಡುವ ಮೊದಲು ಕೊಳವೆಯನ್ನು ಕೂದಲೆಳೆಯಷ್ಟು ಸರಿಸಬೇಕು. ತೋರಿಸುವವರ ನಿಜವಾದ ಕೌಶಲ ಇದೇ.

ಶೂನ್ಯ ನೆರಳಿನ ದಿನಕ್ಕೆ ಮಾತ್ರ ದೂರದರ್ಶಕ ಬೇಡ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಲ್ಲಿ ನೆಟ್ಟಗೆ ನಿಂತ ಕೋಲಿಗೆ ಬೆಂಗಳೂರಿನಲ್ಲಿ ನೆರಳಿರುವುದಿಲ್ಲ.