ಎಲ್ಕ್ ಬೇಟೆಯ ಮೊದಲ ಪಾಠ

ಉದಕಮಂಡಲವನ್ನು ಸುತ್ತುವರಿದಿರುವ ಬೆಟ್ಟಗಳಲ್ಲಿ ಒಂದಕ್ಕೆ ಎಲ್ಕ್ ಹಿಲ್ ಎಂದು ಹೆಸರು. ಬೇಸಿಗೆಯಲ್ಲಿ ಗುಂಡ್ಲುಪೇಟೆಯ ದಾರಿಯಾಗಿ ಊಟಿಗೆ ಹೋಗಿಬರುವ ನಮ್ಮವರಲ್ಲಿ ಕೆಲವರಾದರೂ ಅಲ್ಲಿಯ ಮುರುಗನ ಗುಡಿಗೆ ಹತ್ತಿರಬಹುದು. ಆದರೆ ಆ ಬೆಟ್ಟದಲ್ಲಿ ಎಲ್ಕ್ ಎಂಬ ಪ್ರಾಣಿ ಎಂದೂ ಮೇದದ್ದಿಲ್ಲ. ಆ ಕಾಡುಗಳಲ್ಲಿ ಇರುವುದು ನಮ್ಮ ಕಡವೆ. 19ನೆಯ ಶತಮಾನದ ಇಂಗ್ಲಿಷ್ ಬೇಟೆಗಾರರು ಸಿಂಹಳದಲ್ಲಿಯೂ ದಕ್ಷಿಣ ಭಾರತದಲ್ಲಿಯೂ ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು.

ಕನ್ನಡ ಪಾಠ ಹೇಳುವ ನನ್ನಂಥವನಿಗೆ ಪ್ರಾಣಿಗಿಂತ ಮೊದಲು ಅದರ ಹೆಸರು ಕುತೂಹಲ ಹುಟ್ಟಿಸುವುದು ಸಹಜ. ಯೂರೋಪಿನಲ್ಲಿ ಎಲ್ಕ್ ಎಂದರೆ ಅಂಗೈ ಹರಡಿದಂಥ ಕೊಂಬುಗಳೂ ಜೋಲು ಮೂತಿಯೂ ಉಳ್ಳ ಬೇರೊಂದು ಪ್ರಾಣಿ. ಅಮೆರಿಕದವರು ಅದನ್ನು ಮೂಸ್ ಎನ್ನುತ್ತಾರೆ. ಇಂಗ್ಲೆಂಡಿನ ಕಾಡುಗಳಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋಗಿತ್ತು. ಹೀಗಾಗಿ ಅಟ್ಲಾಂಟಿಕ್ ದಾಟಿದ ಇಂಗ್ಲಿಷರಲ್ಲಿ ಹೆಸರು ಉಳಿದಿತ್ತು, ಪ್ರಾಣಿಯ ಗುರುತು ಉಳಿದಿರಲಿಲ್ಲ. ಹೊಸ ನಾಡಿನಲ್ಲಿ ಕುದುರೆಯಷ್ಟು ಎತ್ತರದ ಒಂದು ಜಿಂಕೆಯನ್ನು ಕಂಡು, ಇದೇ ಎಲ್ಕ್ ಇರಬೇಕು ಎಂದುಕೊಂಡರು. ಅಲ್ಲಿಯ ಮೂಲನಿವಾಸಿಗಳಾದ ಶಾನೀ ಜನ ಅದನ್ನು ವಾಪಿಟಿ ಎನ್ನುತ್ತಿದ್ದರು. ಬಿಳಿಯ ಹಿಂಭಾಗದ್ದು ಎಂದು ಅದರ ಅರ್ಥ. ಕಾಡಿನಲ್ಲಿ ಬೆನ್ನು ತಿರುಗಿಸಿ ಓಡುವ ಮೃಗವನ್ನು ನೋಡಿ ಬಲ್ಲವರು ಇಟ್ಟ ಹೆಸರು. ನಮ್ಮ ಬೆಟ್ಟಗಳಿಗೆ ಬಂದ ಇಂಗ್ಲಿಷರೂ ಕಡವೆ ಎಂಬ ಹೆಸರನ್ನು ಕೇಳುವ ಮೊದಲೇ ಕೋವಿ ಎತ್ತಿದರು ಎಂದು ನನಗೆ ತೋರುತ್ತದೆ.

ಸಿಂಹಳದ ನುವರ ಎಳಿಯದಲ್ಲಿ ನೆಲೆಸಿದ್ದ ಸ್ಯಾಮ್ಯುಯೆಲ್ ಬೇಕರ್ 1854ರಲ್ಲಿ ಅಲ್ಲಿಯ ಬೇಟೆಯ ಬಗ್ಗೆ ಒಂದು ಪುಸ್ತಕವನ್ನು ಪ್ರಕಟಿಸಿದ. ನಾಯಿಗಳ ಹಿಂಡನ್ನು ಬಿಟ್ಟು, ಕೈಯಲ್ಲಿ ಚೂರಿ ಹಿಡಿದು ಅವನು ಆಡುತ್ತಿದ್ದ ‘ಎಲ್ಕ್’ ಬೇಟೆ ಕಡವೆಯ ಬೇಟೆಯೇ. (ಬೇಟೆನಾಯಿಯ ಪರಾಕ್ರಮ ನಮಗೇನೂ ಹೊಸದಲ್ಲ. ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯನ್ನು ಕ್ರಿ.ಶ. 949-50ರ ಆತಕೂರಿನ ಶಾಸನ ನೆನೆಯುತ್ತದೆ.) ಬೇಕರನಂಥವರು ಬೇಟೆ ಕಲಿತದ್ದು ಬೇಟೆಯಾಡಿಯೇ. ಎಷ್ಟು ಹೊಡೆಯಬೇಕು, ಯಾವಾಗ ಹೊಡೆಯಬಾರದು ಎಂದು ಹೇಳುವವರು ಯಾರೂ ಇರಲಿಲ್ಲ. ನೀಲಗಿರಿಯಲ್ಲಿ ಇದಕ್ಕೊಂದು ಕಾಯಿದೆ ಬರಬೇಕಾದರೆ 1879ರವರೆಗೆ ಕಾಯಬೇಕಾಯಿತು.

ಈ ವಿಷಯ ಮತ್ತೆ ನನ್ನ ಮನಸ್ಸಿಗೆ ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಮಲೆನಾಡಿನ ಹುಡುಗ, ಈಗ ಅಮೆರಿಕದ ಕೊಲರಾಡೊ ಸಂಸ್ಥಾನದಲ್ಲಿ ಎಂಜಿನಿಯರ್. ಅವನ ಅಜ್ಜನ ಕಾಲದಲ್ಲಿ ಊರಿಗೆ ಊರೇ ಹಳು ಸೋವಿ ಬೇಟೆಯಾಡುತ್ತಿತ್ತಂತೆ. ರಜೆಯಲ್ಲಿ ಬಂದಿದ್ದಾಗ, “ಸಾರ್, ಎಲ್ಕ್ ಬೇಟೆಗೆ ಹೋಗಬೇಕೆಂದಿದ್ದೇನೆ” ಎಂದ.

“ಕೋವಿ ಕೊಂಡೆಯೇನಪ್ಪಾ?”

“ಇಲ್ಲ ಸಾರ್, ಪರೀಕ್ಷೆಗೆ ಕಟ್ಟಿದ್ದೇನೆ.”

ನನಗೆ ನಗು ಬಂತು. ಆದರೆ ಆ ಪರೀಕ್ಷೆಯ ಹಿಂದೆ ನೂರು ವರ್ಷಗಳ ಇತಿಹಾಸವಿದೆ, ಮತ್ತು ಅದು ನಗುವಂಥದಲ್ಲ.

ಬಿಳಿಯರು ಕಾಲಿಡುವ ಮುನ್ನ ಉತ್ತರ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಎಲ್ಕ್‌ಗಳಿದ್ದುವೆಂದು ಅಂದಾಜು. 20ನೆಯ ಶತಮಾನದ ಆರಂಭಕ್ಕೆ ಉಳಿದದ್ದು ಒಂದು ಲಕ್ಷಕ್ಕೂ ಕಡಿಮೆ. ಪೂರ್ವದ ಸಂಸ್ಥಾನಗಳ ತಳಿಯಂತೂ 1880ರ ಸುಮಾರಿಗೆ ನಿರ್ನಾಮವಾಯಿತು. ರೈಲು ಬಂತು, ಬೇಲಿ ಬಂತು, ತೊಗಲಿಗೂ ಮಾಂಸಕ್ಕೂ ಪೇಟೆ ಬಂತು. ಇವುಗಳ ಜೊತೆಗೆ ಇನ್ನೊಂದು ವಿಚಿತ್ರ ಕಾರಣವೂ ಸೇರಿಕೊಂಡಿತು. ಎಲ್ಕ್‌ನ ಮೇಲ್ದವಡೆಯಲ್ಲಿ ದಂತದಂತೆ ಹೊಳೆಯುವ ಎರಡು ಕೋರೆಹಲ್ಲುಗಳಿವೆ. 1868ರಲ್ಲಿ ನ್ಯೂಯಾರ್ಕಿನ ನಾಟಕದ ಮಂದಿ ಕಟ್ಟಿಕೊಂಡ ಒಂದು ಸಂಘಕ್ಕೆ ಎಲ್ಕ್ ಎಂದೇ ಹೆಸರಿತ್ತು. ಅದು ದೇಶದ ತುಂಬ ಹಬ್ಬಿತು. ಸದಸ್ಯರು ಗಡಿಯಾರದ ಸರಪಣಿಗೆ ಎಲ್ಕ್‌ನ ಹಲ್ಲನ್ನು ತೂಗುಹಾಕಿಕೊಳ್ಳುವುದು ರೂಢಿಯಾಯಿತು. ಹಲ್ಲಿಗೆ ಬೆಲೆ ಬಂದೊಡನೆ ಅದಕ್ಕಾಗಿಯೇ ಕೊಲ್ಲುವವರು ಹುಟ್ಟಿಕೊಂಡರು. ಎರಡು ಹಲ್ಲು ಕಿತ್ತುಕೊಂಡು, ಮುನ್ನೂರು ಕಿಲೋ ತೂಗುವ ಪ್ರಾಣಿಯನ್ನು ಹಿಮದಲ್ಲಿ ಕೊಳೆಯಲು ಬಿಟ್ಟುಹೋಗುತ್ತಿದ್ದರು. ಆ ಪ್ರಾಣಿಯ ಹೆಸರನ್ನೇ ಅಭಿಮಾನದಿಂದ ಧರಿಸಿದ್ದವರ ಆಭರಣಕ್ಕಾಗಿ ಇದು ನಡೆಯಿತು!

ಅಂದಿನ ಹೊಸ ಬೇಟೆಗಾರರಲ್ಲಿ ಥಿಯೊಡೋರ್ ರೂಸ್‌ವೆಲ್ಟನೂ ಒಬ್ಬ. 1883ರಲ್ಲಿ ನ್ಯೂಯಾರ್ಕಿನಿಂದ ಡಕೋಟಕ್ಕೆ ಬಂದಾಗ ಅವನಿನ್ನೂ ಕನ್ನಡಕದ ಪಟ್ಟಣಿಗ. ಮರುವರ್ಷ ಬಿಗ್ ಹಾರ್ನ್ ಪರ್ವತಗಳಲ್ಲಿ ಎಲ್ಕ್‌ಗಳನ್ನು ಹೊಡೆದ. ಆದರೆ ಮೃಗಗಳು ಕಣ್ಣೆದುರಿಗೇ ಕರಗುತ್ತಿರುವುದನ್ನು ಕಂಡವರಲ್ಲಿಯೂ ಅವನಿದ್ದ. 1887ರಲ್ಲಿ ಬೇಟೆಗಾರರನ್ನೇ ಸೇರಿಸಿ ಬೇಟೆಗೆ ಕಡಿವಾಣ ಹಾಕಲು ಒಂದು ಸಂಘ ಕಟ್ಟಿದ; 1909ರಲ್ಲಿ ಅಧ್ಯಕ್ಷ ಪದವಿಯಿಂದ ಇಳಿಯುವ ಎರಡು ದಿನ ಮುಂಚೆ, ಪಶ್ಚಿಮ ಕರಾವಳಿಯ ಎಲ್ಕ್‌ಗಳು ಉಳಿಯಲೆಂದು ಒಲಿಂಪಸ್ ಪರ್ವತದ ಪ್ರದೇಶವನ್ನು ಕಾಪಿಟ್ಟ. ಕೊಂದವನೇ ಕಾಯುವವನಾದ ಎಂದು ಹೊಗಳುವುದು ಸುಲಭ. ಅವನಂಥವರು ಕಾಯಬೇಕಾಗಿ ಬಂದದ್ದು ಅವನಂಥವರೇ ಕೊಂದದ್ದರಿಂದ ಎಂಬುದನ್ನೂ ಸೇರಿಸಿ ಹೇಳಬೇಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1894ರ ಕಾನೂನು ಯೆಲ್ಲೋಸ್ಟೋನಿನ ಮೃಗಗಳಿಗೆ ರಕ್ಷಣೆ ಕೊಟ್ಟಿತು. 1900ರದು ಕದ್ದು ಹೊಡೆದ ಮಾಂಸವನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಾಗಿಸುವುದನ್ನು ತಡೆಯಿತು. ಜಾಕ್ಸನ್ ಕಣಿವೆಯಲ್ಲಿ ಚಳಿಗಾಲದ ಮೇವಿನ ನೆಲವೆಲ್ಲ ಒಕ್ಕಲಾಗಿ ಎಲ್ಕ್‌ಗಳು ಹಸಿವಿನಿಂದ ಸಾಯತೊಡಗಿದಾಗ, ಅವುಗಳಿಗೆಂದೇ 1912ರಲ್ಲಿ ಆಶ್ರಯಧಾಮವಾಯಿತು. ಆ ಪ್ರಾಂತದಿಂದ 1913ರಲ್ಲಿ ರೈಲಿನಲ್ಲಿ ತಂದು ಪೆನ್ಸಿಲ್ವೇನಿಯದ ಬರಿದಾದ ಕಾಡುಗಳಲ್ಲಿ ಬಿಟ್ಟರು. ಅಲ್ಲಿ 1931ರಲ್ಲಿ ನಿಂತ ಎಲ್ಕ್ ಬೇಟೆ ಮತ್ತೆ ಆರಂಭವಾದದ್ದು 2001ರಲ್ಲಿ. ಎಪ್ಪತ್ತು ವರ್ಷ ಒಂದು ನಾಡು ಕೈಕಟ್ಟಿ ಕುಳಿತಿತ್ತು! 1937ರಿಂದ ಕೋವಿ ಮದ್ದುಗುಂಡುಗಳ ಮೇಲಿನ ತೆರಿಗೆ ಕಾಡುಮೃಗಗಳ ರಕ್ಷಣೆಗೆ ಹೋಗುತ್ತಿದೆ. 1949ರಲ್ಲಿ ನ್ಯೂಯಾರ್ಕ್ ಸಂಸ್ಥಾನ ಹೊಸ ಬೇಟೆಗಾರರಿಗೆ ತರಬೇತಿಯನ್ನು ಕಡ್ಡಾಯ ಮಾಡಿತು. ಬೇರೆಯವರೂ ಅದೇ ದಾರಿ ಹಿಡಿದರು. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಈ ಶಿಕ್ಷಣ ಪಡೆಯದೆ ಬೇಟೆಯ ಪರವಾನಗಿ ಕೇಳುವಂತಿಲ್ಲ. ಇಂದು ಆ ಖಂಡದಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್‌ಗಳಿವೆ.

ನನ್ನ ವಿದ್ಯಾರ್ಥಿ ಕಲಿತದ್ದೇನು? ಕೋವಿಯ ಬಾಯಿ ಯಾವ ಕಡೆಗಿರಬೇಕು ಎಂಬುದು ಮೊದಲು. ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಕುದುರೆ ಎಳೆಯಬಾರದು ಎಂಬುದು ಆಮೇಲೆ. ಗಾಳಿ ನಮ್ಮ ಬೆನ್ನಿನಿಂದ ಬೀಸಿದರೆ ಎಲ್ಕ್ ಕಾಣುವ ಮೊದಲೇ ಮಾಯವಾಗುತ್ತದೆ. ಸೆಪ್ಟೆಂಬರಿನಲ್ಲಿ ಗಂಡು ಕೊಳಲಿನಂಥ ದನಿಯಲ್ಲಿ ಕೂಗುತ್ತದೆ. ಆ ಕೂಗನ್ನು ಅನುಕರಿಸಿ ಹತ್ತಿರ ಕರೆಯುವುದೇ ಒಂದು ವಿದ್ಯೆ. ಕೋವಿ ಬೇಟೆಯ ಕಾಲದಲ್ಲಿ ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ ಟೋಪಿ ಕಡ್ಡಾಯ, ಇನ್ನೊಬ್ಬ ಬೇಟೆಗಾರನ ಗುಂಡು ತಾಗದಿರಲೆಂದು. ಈಡು ಭುಜದ ಹಿಂದೆ, ಎದೆಗೂಡಿಗೇ ಬೀಳಬೇಕು. ಆ ಅವಕಾಶ ಸಿಗದಿದ್ದರೆ ಕೋವಿ ಇಳಿಸಬೇಕು. ಗಾಯಗೊಂಡು ಓಡಿದರೆ ಹುಡುಕಿ ಸಾವನ್ನು ಮುಗಿಸುವುದು ಹೊಡೆದವನ ಹೊಣೆ. ಬಿದ್ದ ಮೇಲೆ ಬೇಗನೆ ತೊಗಲು ಸುಲಿಯದಿದ್ದರೆ ಮೈಯ ಕಾವಿಗೇ ಮಾಂಸ ಕೆಡುತ್ತದೆ. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬರುವುದು ಅಪರಾಧ. ಹಲ್ಲು ಕಿತ್ತುಕೊಂಡು ಹೋದವರ ನಾಡಿನಲ್ಲಿ ಈ ಕಾನೂನು ಸುಮ್ಮನೆ ಹುಟ್ಟಲಿಲ್ಲ.

ಅವನು ಅರ್ಜಿ ಹಾಕಿದ್ದು ಹೆಣ್ಣು ಎಲ್ಕ್‌ಗೆ. ನಾನು ಬೆಚ್ಚಿದೆ, ಹೆಣ್ಣನ್ನು ಹೊಡೆಯಬಾರದೆಂಬುದು ನಮ್ಮಲ್ಲಿ ಹಳೆಯ ಷಿಕಾರಿಗಳ ಕಟ್ಟಳೆ. ಅವನು ವಿವರಿಸಿದ: ಅಲ್ಲಿಯ ತೋಳಗಳನ್ನು 1940ರ ದಶಕದೊಳಗೆ ಕೊಂದು ಮುಗಿಸಿದ್ದರು, ಮತ್ತೆ ತಂದುಬಿಡಲು ಆರಂಭಿಸಿದ್ದು 2023ರ ಡಿಸೆಂಬರಿನಲ್ಲಿ. ಚಳಿಗಾಲದ ಹುಲ್ಲಿಗೆ ತಕ್ಕಷ್ಟೇ ಹಿಂಡು ಇರಬೇಕಾದರೆ ಹೆಣ್ಣನ್ನೂ ಲೆಕ್ಕಹಾಕಿ ತೆಗೆಯಬೇಕು. ತರ್ಕ ಸರಿಯೇ. ಮನಸ್ಸು ಒಪ್ಪಲು ಹೊತ್ತು ಹಿಡಿಯುತ್ತದೆ. ನಮ್ಮ ದೇಶ 1972ರ ಕಾಯಿದೆಯಿಂದ ಬೇಟೆಯ ಬಾಗಿಲನ್ನೇ ಮುಚ್ಚಿತು. ಇಷ್ಟು ಜನ, ಇಷ್ಟು ಕಡಿಮೆ ಕಾಡು ಇರುವ ನಾಡಿಗೆ ಅದೇ ಸರಿ ಎಂದು ನನ್ನ ಎಣಿಕೆ.

ಮೊದಲ ವರ್ಷ ಅವನ ಚೀಟಿ ಏಳಲಿಲ್ಲ. ಬದಲಿಗೆ ಅವನ ಹೆಸರಿಗೆ ಒಂದು ಅಂಕ ಸೇರಿತು. ಮುಂದಿನ ಸಲ ಅದು ನೆರವಿಗೆ ಬರುತ್ತದಂತೆ. ಆ ಶರತ್ಕಾಲದಲ್ಲಿ ಗೆಳೆಯನೊಬ್ಬನ ಜೊತೆ ಬರಿಗೈಯಲ್ಲಿ ಬೆಟ್ಟ ಹತ್ತಿ, ಅವನು ಹೊಡೆದ ಎಲ್ಕ್‌ನ ಒಂದು ಹಿಂದೊಡೆಯನ್ನು ಬೆನ್ನ ಮೇಲೆ ಹೊತ್ತು ಮೂರು ಮೈಲಿ ಇಳಿದನಂತೆ. ಕತ್ತಲಾಗಿತ್ತು, ಹಿಮ ಬೀಳುತ್ತಿತ್ತು. ಉಳಿದ ಮೂರು ಕಾಲುಗಳಿಗಾಗಿ ಮರುದಿನ ಬೆಳಗ್ಗೆ ಇಬ್ಬರೂ ಮತ್ತೆ ಹತ್ತಿದರು.